ಕುಡಿದು ಪೊಲೀಸ್ ಗಾಡಿಗೆ ಗುದ್ದಿ, ಒಳ್ಳೆಯವರಾಗಿ!

ನಿಮ್ಮ ಯಜಮಾನರು ವಿಪರೀತ ಸಿಡುಕರಾ? ಕುಡಿದು ಕಾರು ಓಡಿಸುತ್ತಾರಾ? ಚಿಂತೆ ಬಿಡಿ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರುವ, ಬೌದ್ಧಿಕ ಬೆಳವಣಿಗೆ ನಿಧಾನವಾಗಿಸುವ ಸ್ಥಿತಿ) ಇರುವ ಒಬ್ಬರ ಜೊತೆ ಎರಡೂವರೆ ಗಂಟೆ ಕೂರಿಸಿ. ಇಂಟರ್ವಲ್ ಹೊತ್ತಿಗೆ ಮೆತ್ತಗಾಗುತ್ತಾರೆ, ಕ್ಲೈಮ್ಯಾಕ್ಸಿಗೆ ಕಣ್ಣೀರು ಹಾಕುತ್ತಾರೆ. ಸಿನಿಮಾದವರ ಗ್ಯಾರಂಟಿ ಇದು.

ಸುಮ್ನೆ ಹೇಳುತ್ತಿಲ್ಲ. 2018ರ ಸ್ಪೇನಿನ ‘ಕಾಂಪಿಯೋನೆಸ್’ನಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್ ಒಬ್ಬ ಕುಡಿದು ಪೊಲೀಸ್ ಗಾಡಿಗೆ ಗುದ್ದುತ್ತಾನೆ. ಬೌದ್ಧಿಕ ಅಂಗವೈಕಲ್ಯ ಇರುವವರ ತಂಡಕ್ಕೆ ಆಟ ಹೇಳಿಕೊಡು ಅಂತ ಕೋರ್ಟು ಶಿಕ್ಷೆ ಕೊಡುತ್ತದೆ. ಅವರ ಜೊತೆ ಇರುವುದೇ ಶಿಕ್ಷೆ, ಗಮನಿಸಿ! 2023ರಲ್ಲಿ ಹಾಲಿವುಡ್ಡಿನವರು ಇದನ್ನೇ ತೆಗೆದರು. 2025ರಲ್ಲಿ ಆಮಿರ್ ಖಾನ್ ‘ಸಿತಾರೆ ಜಮೀನ್ ಪರ್’ ಅಂತ ತೆಗೆದರು. ಮೂರು ದೇಶ, ಮೂರು ಭಾಷೆ, ಗುದ್ದಿದ್ದು ಮಾತ್ರ ಪೊಲೀಸ್ ಗಾಡಿಗೇ.

ಕಾರಿಲ್ಲದವರು ಕಳ್ಳತನವನ್ನಾದರೂ ಮಾಡಬೇಕು. ಅಮೆರಿಕದ ಚಿತ್ರ ‘ದಿ ಪೀನಟ್ ಬಟರ್ ಫಾಲ್ಕನ್’ನ ನಾಯಕ ಬೇರೆಯವರ ಏಡಿ ಕದ್ದು, ಅವರ ಸಾಮಾನಿಗೆ ಬೆಂಕಿ ಇಟ್ಟು ಓಡಿಹೋಗುವವನು. 2024ರಲ್ಲಿ ಫ್ರಾನ್ಸಿನಲ್ಲಿ ಒಂದು ಕೋಟಿಗೂ ಜಾಸ್ತಿ ಟಿಕೆಟ್ ಮಾರಿದ ಹಾಸ್ಯನಟ-ನಿರ್ದೇಶಕ ಆರ್ತ್ಯೂಸ್ ಅವರ ಕಾಮಿಡಿಯಲ್ಲಂತೂ ಅಪ್ಪ-ಮಗ ಇಬ್ಬರೂ ಕಳ್ಳರು, ಅಂಗವಿಕಲರ ಬೇಸಿಗೆ ಶಿಬಿರದಲ್ಲಿ ಬಚ್ಚಿಟ್ಟುಕೊಳ್ಳುತ್ತಾರೆ. ಆಮೇಲೇನು, ಅವರೂ ಒಳ್ಳೆಯವರಾಗುತ್ತಾರೆ. ಆ ಚಿತ್ರದ ಅಂಗವಿಕಲ ಕಲಾವಿದರು ಕಾನ್ ಚಿತ್ರೋತ್ಸವಕ್ಕೆ ಹೊರಟರೆ, ಬಟ್ಟೆ ತೊಡಿಸಲು ದೊಡ್ಡ ಫ್ಯಾಷನ್ ಕಂಪನಿಗಳು ಮುಂದೆ ಬರುತ್ತಿಲ್ಲ ಅಂತ ಆರ್ತ್ಯೂಸ್ ರೇಡಿಯೋದಲ್ಲಿ ಹೇಳಬೇಕಾಯಿತು. ಗಲಾಟೆಯಾದ ಮೇಲೆ ಬಟ್ಟೆ ಬಂತು. ಪರದೆ ಮೇಲೆ ಎಲ್ಲರ ಹೃದಯ ಗೆಲ್ಲುವವರಿಗೆ ಒಂದು ಕೋಟು ಗೆಲ್ಲುವುದು ಇಷ್ಟು ಕಷ್ಟ.

ಇವರೆಲ್ಲರ ಅಣ್ಣ ಅಂದರೆ 1996ರ ಬೆಲ್ಜಿಯಂ ಚಿತ್ರ ‘ದಿ ಏಟ್ತ್ ಡೇ’. ಕೆಲಸ ಕೆಲಸ ಅಂತ ಸಂಸಾರ ಕಳೆದುಕೊಂಡ ಹ್ಯಾರಿಗೆ ಡೌನ್ ಸಿಂಡ್ರೋಮ್ ಇರುವ ಜಾರ್ಜ್ ಬದುಕುವುದನ್ನು ಕಲಿಸುತ್ತಾನೆ. ಕಲಿಸಿ ಮುಗೀತಲ್ಲ, ಇನ್ನೇನು ಕೆಲಸ ಅವನಿಗೆ? ಮೈಗೆ ಒಗ್ಗದ ಚಾಕೊಲೇಟ್ ತಿಂದು ಕಟ್ಟಡದ ಮೇಲಿನಿಂದ ಹಾರಿಬಿಡುತ್ತಾನೆ! ಜಾರ್ಜ್ ಆದ ಪಾಸ್ಕಲ್ ಡ್ಯುಕೆನ್‌ಗೆ ಕಾನ್‌ನಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಸಿಕ್ಕಿತು, ನಿಜ. ಹ್ಯಾರಿ ಆದವರ ಜೊತೆ ಹಂಚಿಕೊಂಡರು.

ಡೌನ್ ಸಿಂಡ್ರೋಮ್ ಇರುವವರಲ್ಲಿ ನಟನೆ ಬರುವವರಿಲ್ಲ ಅನ್ನುವ ನೆಪವಂತೂ ಬೇಡ. ಝಾಕ್ ಗಾಟ್‌ಸಾಗನ್ ತಾನು ಸ್ಟಾರ್ ಆಗಬೇಕು ಅಂದಾಗ, ನಿನಗೆ ತಕ್ಕ ಪಾತ್ರಗಳೇ ಇಲ್ಲವಲ್ಲ ಅಂದರಂತೆ ಸ್ನೇಹಿತರು. ಹಾಗಾದರೆ ನೀವೇ ಬರೆಯಿರಿ ಅಂದ. ಬರೆದರು, ‘ಫಾಲ್ಕನ್’ ಹುಟ್ಟಿತು. 2009ರ ಸ್ಪೇನಿನ ಚಿತ್ರ ‘ಯೋ, ತಂಬಿಯೆನ್’ನಲ್ಲಿ ಡೌನ್ ಸಿಂಡ್ರೋಮ್ ಇರುವ ನಟ ಪಾಬ್ಲೊ ಪಿನೇಡಾ ಡಿಗ್ರಿ ಮುಗಿಸಿ ಆಫೀಸಿಗೆ ಹೋಗುತ್ತಾನೆ, ಸಹೋದ್ಯೋಗಿಯನ್ನು ಪ್ರೀತಿಸುತ್ತಾನೆ. ಪಿನೇಡಾ ನಿಜ ಜೀವನದಲ್ಲೂ ಪದವೀಧರರೇ.

ನನ್ನದೂ ಒಂದು ಕಥೆ ಇದೆ. ಡೌನ್ ಸಿಂಡ್ರೋಮ್ ಇರುವ ನಾಯಕ, ಮಹಾ ಜಿಪುಣ, ಬಾಡಿಗೆದಾರರ ಅಡ್ವಾನ್ಸ್ ವಾಪಸ್ ಕೊಡದ ಓನರ್. ಯಾರಿಗೂ ಏನೂ ಕಲಿಸುವುದಿಲ್ಲ. ನಿರ್ಮಾಪಕರು ಕೇಳುವ ಮೊದಲ ಪ್ರಶ್ನೆ ಈಗಲೇ ಗೊತ್ತು: ‘ಚೆನ್ನಾಗಿದೆ ಸಾರ್, ಆದ್ರೆ ಇದರಲ್ಲಿ ನಮ್ಮ ಹೀರೋ ಯಾವ ಗಾಡಿಗೆ ಗುದ್ದುತ್ತಾರೆ?’