ಎರಡು ಇಂಚು ಹತ್ತು ಸೆಂಟು

ಕಥೆಯೊಂದನ್ನು ಬರೆದು ಮುಗಿಸಿ ಗೆಳೆಯನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಎರಡು ನೀಲಿ ಗೀಟು ಬಿತ್ತು. ಆಮೇಲೆ ಸುದ್ದಿಯೇ ಇಲ್ಲ. ವಾರ ಕಳೆದ ಮೇಲೆ ಬೆಳ್ಳಂಬೆಳಗ್ಗೆ ಮೆಸೇಜು ಬಂತು: "ನಮ್ಮಲ್ಲಿ ಎರಡು ಇಂಚು ಹತ್ತು ಸೆಂಟು. ನಿಮ್ಮಲ್ಲಿ?"

ಇವನು ಮೂಡಿಗೆರೆ ಕಡೆಯ ಕಾಫಿ ತೋಟದವನು. ಕಥೆ ಬರೆಯುತ್ತಾನೆ. ಚೆನ್ನಾಗಿಯೇ ಬರೆಯುತ್ತಾನೆ, ಅದೇ ತೊಂದರೆ. ಆ ಕಡೆಯವರಿಗೆ ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗಕ್ಕೆ ಅವರು ಸೆಂಟು ಅನ್ನುತ್ತಾರೆ) ಅಳೆದು ನಾಲ್ಕು ಜನಕ್ಕೆ ಹೇಳದಿದ್ದರೆ ಮಳೆ ಬಂದ ಹಾಗೇ ಅಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಸರಿಯಾಗಿ ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ, ಆಮೇಲೆ ಬ್ಯಾಕಿಂಗ್ ಮಳೆ ಕೈಕೊಟ್ಟರೆ ಅಷ್ಟು ಹೂವೂ ಕಾಯಿ ಕಚ್ಚದೆ ಉದುರುತ್ತದೆ, ಹಾಗಾಗಿ ಅವರ ಚಿಂತೆ ಅವರಿಗೆ, ಒಪ್ಪಿದೆ. ಆದರೆ ಹಾಸನದ ಪೇಟೆಯಲ್ಲಿ ಬಾಡಿಗೆ ಮನೆಯ ಮಹಡಿಯಲ್ಲಿರುವ ನನಗೆ ಇಂಚು ಕಟ್ಟಿಕೊಂಡು ಏನಾಗಬೇಕು? ಒಣಹಾಕಿದ ಬಟ್ಟೆ ನೆನೆಯಿತೋ ಇಲ್ಲವೋ, ನಮ್ಮ ಲೆಕ್ಕ ಅಷ್ಟೇ.

ಬೇರೆ ಓದುಗರಿಲ್ಲ ಅಂತಲ್ಲ. ನಾನಿರುವ ಬರಹಗಾರರ ಗುಂಪಿನಲ್ಲಿ ಏನು ಹಾಕಿದರೂ ಅರ್ಧ ನಿಮಿಷದಲ್ಲಿ ಚಪ್ಪಾಳೆ. ಇಪ್ಪತ್ತು ಪುಟದ ಕಥೆಯನ್ನು ಅರ್ಧ ನಿಮಿಷದಲ್ಲಿ ಓದುವ ಶಕ್ತಿ ಇವರಿಗೆ ಎಲ್ಲಿಂದ ಬಂತೋ! "ಅದ್ಭುತ ಸಾರ್" ಎನ್ನುತ್ತಾರೆ. ಶುಭೋದಯದ ಗುಲಾಬಿ ಹೂವಿಗೂ ಅದೇ ಅದ್ಭುತ. ಮೊದಲು ನನಗೂ ಖುಷಿಯಾಗುತ್ತಿತ್ತು. ಈಗ ಆ ಕೈಮುಗಿದ ಚಿತ್ರ ಕಂಡರೆ ಮೈ ಉರಿಯುತ್ತದೆ. ನಾವು ಒಬ್ಬರಿಗೊಬ್ಬರು ಸ್ಫೂರ್ತಿ, ಬರಹಗಾರರಿಗೆ ಬರಹಗಾರರೇ ಆಸರೆ ಅಂತ ಆ ಗುಂಪಿನಲ್ಲಿ ದಿನಾ ಒಬ್ಬರಾದರೂ ಹೇಳುತ್ತಾರೆ. ಅದು ನಿಜವಾ ಅಂತ ನೋಡೋಣ ಎಂದೇ ಇದನ್ನು ಬರೆಯಲು ಕೂತಿದ್ದು.

ನಾನು ಕಳಿಸಿದ್ದು ಕಂತಿಯ ಕಥೆ. ನಮ್ಮ ಹಾಸನ ಜಿಲ್ಲೆಯದೇ. ಹಳೇಬೀಡು ದೋರಸಮುದ್ರವಾಗಿದ್ದಾಗ ಬಲ್ಲಾಳರಾಯನ ಆಸ್ಥಾನದಲ್ಲಿ ಇಬ್ಬರು ಕವಿಗಳಿದ್ದರಂತೆ. ಒಬ್ಬ ನಾಗಚಂದ್ರ, ತನ್ನನ್ನು ತಾನೇ ಅಭಿನವ ಪಂಪ ಅಂತ ಕರೆದುಕೊಂಡವನು. (ಹಾಗೆ ಕರೆದುಕೊಳ್ಳುವ ಧೈರ್ಯ ಇರಬೇಕು ನೋಡಿ.) ಜನ ಹಂಪ ಅಂದರು. ಇನ್ನೊಬ್ಬಳು ಕಂತಿ. ಇವಳು ಕವಿಯಾದದ್ದೇ ಒಂದು ಕಥೆ. ದಡ್ಡ ಹುಡುಗರ ಬುದ್ಧಿ ಚುರುಕಾಗಲಿ ಎಂದು ಒಬ್ಬ ಮೇಷ್ಟ್ರು ಜ್ಯೋತಿಷ್ಮತೀ ತೈಲ ಕಾಯಿಸಿದ್ದ. ಕೊಡಬೇಕಾದದ್ದು ಒಂದು ತೊಟ್ಟು. ಕಂತಿ ಅಷ್ಟನ್ನೂ ಕುಡಿದಳು. ಉರಿ ತಾಳಲಾರದೆ ಬಾವಿಗೆ ಹಾರಿದಳು. ಕುತ್ತಿಗೆಮಟ್ಟದ ನೀರಿನಲ್ಲಿ ನಿಂತು ಪದ್ಯ ಹೇಳಲು ಶುರು ಮಾಡಿದಳು.

ಹಳೇಬೀಡಿನ ಹತ್ತಿರದ ಹುಲಿಕೆರೆ ಕಲ್ಯಾಣಿಗೆ ನಾವಿಬ್ಬರೂ ಒಮ್ಮೆ ಹೋಗಿದ್ದಾಗ "ಇದೇ ಆ ಬಾವಿ ಇರಬಹುದಾ?" ಅಂತ ಸುಮ್ನೆ ಕೇಳಿದೆ. ಇವನು ಸುತ್ತಲಿನ ಪುಟ್ಟ ಪುಟ್ಟ ಗುಡಿಗಳನ್ನೂ ಮೆಟ್ಟಿಲುಗಳನ್ನೂ ನೋಡಿ, "ಸಾಧ್ಯವೇ ಇಲ್ಲ. ಇಷ್ಟು ಮೆಟ್ಟಿಲು ಇಳಿಯುವಷ್ಟರಲ್ಲಿ ಉರಿ ಆರಿಹೋಗುತ್ತೆ, ಪದ್ಯವೂ ಹೋಗುತ್ತೆ" ಅಂದ. ಕೆಳಗಿಳಿಯುತ್ತಾ ಉಸಿರು ಎಳೆದುಕೊಂಡು ತೋರಿಸಿದ ಕೂಡ. ಫೋಟೋ ತೆಗೆಸಿಕೊಳ್ಳುತ್ತಿದ್ದ ಮದುವೆ ಜೋಡಿಯೊಂದು ನಮ್ಮನ್ನೇ ನೋಡಿತು.

ಹಂಪ ಸಮಸ್ಯೆ, ಅಂದರೆ ಒಗಟಿನಂಥ ಪದ್ಯದ ಸಾಲು, ಒಡ್ಡುವುದು, ಕಂತಿ ಅದನ್ನು ಪದ್ಯದಲ್ಲಿ ಬಿಡಿಸುವುದು. ಇದೇ ಇಬ್ಬರ ಆಟ. ಎಷ್ಟು ಕಷ್ಟದ್ದು ಕೊಟ್ಟರೂ ಅವಳು ಬಿಡಿಸುತ್ತಾಳೆ, ಆದರೆ ಅವನನ್ನು ಮಾತ್ರ ಹೊಗಳುವುದಿಲ್ಲ. ಇಡೀ ಆಸ್ಥಾನ ಹೊಗಳುತ್ತಿದ್ದರೂ ಅವನಿಗೆ ಸಮಾಧಾನವಿಲ್ಲ. ಕೊನೆಗೆ ಮಹಾಕವಿ ಏನು ಮಾಡಿದ ಗೊತ್ತಾ? ಸತ್ತ ಹಾಗೆ ಮಲಗಿದ! ಕಂತಿ ಓಡಿಬಂದು, ಅಳುತ್ತಾ ಅವನನ್ನು ಹೊಗಳಿ ಪದ್ಯ ಹೇಳಿದಳು. ಅವನು ನಗುತ್ತಾ ಎದ್ದು ಕೂತ.

ಇದೆಲ್ಲ ನಡೆದದ್ದೋ ಇಲ್ಲವೋ ಎಂದು ವಿದ್ವಾಂಸರು ಕೇಳುತ್ತಾರೆ, ಕೇಳಲಿ. ಹಂಪ ಸತ್ತು (ಈ ಸಲ ನಿಜವಾಗಿ) ಏಳು ಶತಮಾನ ಕಳೆದ ಮೇಲೆ, 19ನೇ ಶತಮಾನದಲ್ಲಿ, ದೇವಚಂದ್ರ 'ರಾಜಾವಳಿ ಕಥೆ'ಯಲ್ಲಿ ಬರೆದಿಟ್ಟದ್ದು ಇದು. ನನಗೆ ಮಾತ್ರ ಇದು ಪೂರ್ತಿ ನಿಜ ಅನ್ನಿಸುತ್ತದೆ. ರಾಜ ಹೊಗಳಿದರೆ ಸಾಲದು, ಪಕ್ಕದ ಪೀಠದವಳು ಹೊಗಳಬೇಕು. ಅವಳು ಹೊಗಳುವುದಿಲ್ಲ. ಅದಕ್ಕೇ ಮರುದಿನ ಇನ್ನೊಂದು ಸಮಸ್ಯೆ.

ಬರೆಯುವವನು ಒಂಟಿಯಾಗಿರಬೇಕು ಅನ್ನುವ ಪಂಗಡವೂ ಒಂದಿದೆ. ಅವರು ತಕ್ಷಣ ತೇಜಸ್ವಿಯವರ ಹೆಸರು ಎತ್ತುತ್ತಾರೆ. ಮೈಸೂರು ಬಿಟ್ಟು ಮೂಡಿಗೆರೆಗೆ ಬಂದರು, ಕಾಡಿನಲ್ಲಿ ಒಬ್ಬರೇ ಇದ್ದರು ಅಂತ. ಎಲ್ಲಿ ಒಬ್ಬರೇ ಇದ್ದರು? ಕಡಿದಾಳು ಶಾಮಣ್ಣ, ಕೆ. ರಾಮದಾಸ್, ಇಂಥ ಗೆಳೆಯರಿದ್ದರಲ್ಲ. ಇನ್ನು 2025ರ ಮೇ ತಿಂಗಳಲ್ಲಿ ನಮ್ಮೂರಿನ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಪುಸ್ತಕಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ಬಹುಮಾನ 50,000 ಪೌಂಡು. ಅದರಲ್ಲಿ ಸರಿಯಾಗಿ ಅರ್ಧ ಅನುವಾದಕಿ ದೀಪಾ ಭಾಸ್ತಿಯವರಿಗೆ. ಆ ವಾರ ನಮ್ಮ ಗುಂಪಿನಲ್ಲಿ ಬಾನು ಅವರ ಹಳೇ ಸ್ನೇಹಿತರಲ್ಲದವರು ನಾನೊಬ್ಬನೇ. ಅರ್ಧ ನಿಮಿಷದವರೂ ಅವರ ಕಥೆಗಳನ್ನು ಮೊದಲಿನಿಂದ ಓದಿಕೊಂಡೇ ಬಂದಿದ್ದರಂತೆ.

ಸರಿ, ತಡೆಯಲಾರದೆ ನಾನೇ ಫೋನು ಮಾಡಿದೆ. "ಮಳೆ ಇರಲಿ ಮಾರಾಯ, ಕಥೆ ಏನಾಯಿತು?"

"ಓದಿದೆ. ಕಂತಿ ಅಷ್ಟು ಸುಲಭಕ್ಕೆ ಅಳಲ್ಲ ಕಣೋ."

"ದೇವಚಂದ್ರ ಅತ್ತಳು ಅಂತ ಬರೆದಿದ್ದಾನಲ್ಲ?"

"ಅತ್ತಿರಬಹುದು. ಆದರೆ ಅವನು ಸತ್ತಿಲ್ಲ ಅಂತ ಅವಳಿಗೆ ಗೊತ್ತಿತ್ತು."

"ಗೊತ್ತಿದ್ದರೆ ಯಾಕೆ ಹೊಗಳಿದಳು?"

"ಅದನ್ನ ನೀನು ಬರೀಬೇಕು. ನೀನು ಬರೆದಿರೋದು ಬರೀ ಹಂಪನ ಕಥೆ. ಆಮೇಲೆ ಮೂರನೇ ಪುಟದ ಸೂರ್ಯೋದಯ ತೆಗಿ, ಯಾರೂ ಓದಲ್ಲ." ತೋಟದಲ್ಲಿ ಯಾರೋ ಕರೆದರು ಅಂತ ಫೋನು ಇಟ್ಟ.

ನನಗೆ ಆ ಸೂರ್ಯೋದಯವೇ ಬಲು ಇಷ್ಟವಾದದ್ದು. ಗುಂಪಿನಲ್ಲಿ ಅದೊಂದಕ್ಕೇ ಎಷ್ಟು ಅದ್ಭುತ ಬಿದ್ದಿತ್ತು! ಸಿಟ್ಟಿನಲ್ಲಿ ಊಟ ಸೇರಲಿಲ್ಲ. ಇವನಿಗೆ ತೋರಿಸಿಯೇ ಬಿಡಬೇಕು ಅಂತ ರಾತ್ರಿ ಕೂತು ಮೊದಲಿನಿಂದ ಬರೆದೆ. ಕಂತಿ ಬಾಗಿಲಲ್ಲಿ ನಿಂತು ಹಂಪನ ಕಾಲಿನ ಹೆಬ್ಬೆರಳು ಅಲ್ಲಾಡುವುದನ್ನು ನೋಡುತ್ತಾಳೆ, ನೋಡಿಯೂ ಒಳಗೆ ಬಂದು ಕೂರುತ್ತಾಳೆ. ಅಲ್ಲಿಂದ ಕಥೆ ತಾನಾಗಿಯೇ ಓಡಿತು. ಇದು ಸ್ಫೂರ್ತಿ ಅಂತ ಗುಂಪಿನವರು ಹೇಳಿದರೆ ನಾನು ಜಗಳಕ್ಕೆ ಬರುತ್ತೇನೆ. ಇದು ಹೊಟ್ಟೆಯುರಿ. ಜ್ಯೋತಿಷ್ಮತೀ ತೈಲದ ಉರಿಗೂ ಇದಕ್ಕೂ ಏನಾದರೂ ಸಂಬಂಧ ಇರಬಹುದು, ಆದರೆ ಅದನ್ನು ವಿಚಾರ ಮಾಡಲು ಈಗ ಪುರುಸೊತ್ತಿಲ್ಲ. ಯಾಕೆಂದರೆ ನಿನ್ನೆ ಇವನ ಕಾದಂಬರಿ ಬಂದಿದೆ, ದಪ್ಪ ಹಸ್ತಪ್ರತಿ. ಅದರಲ್ಲಿ ಹಾಸನದ ಬಾಡಿಗೆ ಮನೆಯ ಮಹಡಿಯಲ್ಲಿ ಕೂತು ಯಾರೂ ಓದದ ಕಥೆಗಳನ್ನು ಬರೆಯುವ ಪಾತ್ರವೊಂದಿದೆ. ಎರಡನೇ ಅಧ್ಯಾಯದಲ್ಲಿ ಅವನು ಸಾಯುತ್ತಾನೆ. ನಿಜವಾಗಿ ಸತ್ತಿದ್ದಾನಾ ಅಂತ ಕೇಳಿದರೆ, ಮುಂದೆ ಓದು ಅನ್ನುತ್ತಾನೆ.