ಪೇಂಟ್‌ಗಿಂತ ಮೊದಲು ಪೆಟ್ರೋಲ್ ಪೈಪು ನೋಡಿ

ಎಂಜಿಬಿ ಅನ್ನೋ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಕೊಂಡವರು ಮೊದಲು ಪೇಂಟ್, ಸೀಟು ಸರಿ ಮಾಡಿಸಲಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ದಯವಿಟ್ಟು ಆ ಕ್ರಮ ಬದಲಿಸಿ.

ನಾನು ಇಂಗ್ಲೆಂಡಿನಲ್ಲಿ 1972ರ ಎಂಜಿಬಿ ಕೊಂಡು ಎರಡು ವರ್ಷವಾಯಿತು. ತಂದ ವಾರವೇ ಬಾನೆಟ್ ಎತ್ತಿ, ಕಾರ್ಬ್ಯುರೇಟರ್‌ಗೆ ಹೋಗುವ ರಬ್ಬರ್ ಪೈಪನ್ನು ಸುಮ್ನೆ ಬಗ್ಗಿಸಿ ನೋಡಿದೆ. ಮೈತುಂಬ ಕೂದಲೆಳೆಯಂಥ ಬಿರುಕು. ಬೆರಳಿಗೆ ಪೆಟ್ರೋಲ್ ಅಂಟಿತು. ಅದರ ಕೆಳಗೇ ಬಿಸಿ ಎಕ್ಸಾಸ್ಟ್! ಇಲ್ಲಿ 2021ರಿಂದ ಮಾಮೂಲಿ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥೆನಾಲ್ ಇರುತ್ತದೆ. ಹಳೇ ಕಾಲದ ರಬ್ಬರ್ ಅದಕ್ಕೆ ತಡೆಯುವುದಿಲ್ಲ. ಪೈಪು ಬದಲಿಸಲು ಖರ್ಚೂ ಜಾಸ್ತಿ ಇಲ್ಲ.

ಬ್ರೇಕ್ ಹೋಸ್, ಬ್ರೇಕ್ ಆಯಿಲ್ ಕೂಡ ಆಗಲೇ ಬದಲಿಸಿ. ಟೈರಿನ ಗೀರು ಸವೆದಿಲ್ಲ ಅಂತ ಮೋಸಹೋಗಬೇಡಿ, ಟೈರ್ ಎಷ್ಟು ಹಳೆಯದು ಅಂತ ತಿಳಿಯಲು ಅದರ ಪಕ್ಕದ ಗೋಡೆಯ ಮೇಲಿರುವ ನಾಲ್ಕು ಅಂಕಿ ಓದಿ. 1508 ಅಂದರೆ 2008ರ 15ನೇ ವಾರ ತಯಾರಾದದ್ದು.

ಆಮೇಲೆ ಸಿಲ್ ನೋಡಿ, ಅಂದರೆ ಬಾಗಿಲ ಕೆಳಗೆ ಉದ್ದಕ್ಕೂ ಇರುವ ಬಾಡಿಯ ಭಾಗ. ಎಂಜಿಬಿಗೆ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ, ಬಾಡಿಯೇ ಭಾರ ಹೊರಬೇಕು. ಅಲ್ಲಿ ತುಕ್ಕು ಹಿಡಿದಿದ್ದರೆ ವೆಲ್ಡಿಂಗ್ ಮಾಡಿಸಲೇಬೇಕು. ಮೊದಲೇ ಪೇಂಟ್ ಹೊಡೆಸಿದ್ದರೆ ಅದು ಸುಟ್ಟುಹೋಗುತ್ತದೆ, ಅಲ್ವಾ? ಹರಿದ ಸೀಟಿನ ಮೇಲೆ ಒಂದು ದಪ್ಪ ಬಟ್ಟೆ ಹಾಸಿಕೊಂಡು ನಾನು ಈಗಲೂ ಖುಷಿಯಾಗಿ ಓಡಿಸುತ್ತಿದ್ದೇನೆ.