ಸ್ಪಷ್ಟನೆ: ಆರು ಕುದುರೆ 25 ದಿನ ಓಡಲಿಲ್ಲ

‘1858ರಲ್ಲಿ ಅಮೆರಿಕದ ಸ್ಟೇಜ್‌ಕೋಚ್ (ಪ್ರಯಾಣಿಕರನ್ನೂ ಅಂಚೆಯನ್ನೂ ಒಯ್ಯುವ ಕುದುರೆ ಬಂಡಿ) ಒಂದೇ ಜೋಡಣೆಯ ಆರು ಕುದುರೆಗಳೊಂದಿಗೆ 25 ದಿನ ನಾಗಾಲೋಟದಲ್ಲಿ ಓಡುತ್ತಿತ್ತು, ಉಕ್ಕಿನ ಸ್ಪ್ರಿಂಗ್ ಇದ್ದುದರಿಂದ ಕುಲುಕಾಟವೇ ಇರಲಿಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. ಇದರಲ್ಲಿ ನಿಜವಿರುವುದು 25 ದಿನ ಎಂಬುದಷ್ಟೇ. ಬಟರ್‌ಫೀಲ್ಡ್ ಅಂಚೆ ಸೇವೆಗೆ ಸೇಂಟ್ ಲೂಯಿಯಿಂದ ಸ್ಯಾನ್ ಫ್ರಾನ್ಸಿಸ್ಕೋ ತಲುಪಲು ಒಪ್ಪಂದ ಕೊಟ್ಟ ಗಡುವು ಅದು.

ದಾರಿ ಸುಮಾರು 4,500 ಕಿ.ಮೀ. ಹಗಲು ರಾತ್ರಿ ಸೇರಿಸಿ ಲೆಕ್ಕ ಹಾಕಿದರೆ ಗಂಟೆಗೆ ಏಳೆಂಟು ಕಿ.ಮೀ. ಇದು ನಾಗಾಲೋಟವಲ್ಲ, ನಡಿಗೆಗೂ ನಿಧಾನದ ಓಟಕ್ಕೂ ನಡುವಿನ ಗತಿ. ದಾರಿಯುದ್ದಕ್ಕೂ ಇದ್ದ ಠಾಣೆಗಳಲ್ಲಿ ದಣಿದವನ್ನು ಬಿಚ್ಚಿ ಬೇರೆ ಕುದುರೆ ಕಟ್ಟುತ್ತಿದ್ದರು. ಮರಳುಗಾಡಿನ ಕಡೆ ಹಗುರ ಬಂಡಿ, ಹೇಸರಗತ್ತೆ.

ಇನ್ನು ಸ್ಪ್ರಿಂಗ್ ವಿಚಾರ. ಕಾಂಕಾರ್ಡ್ ಎಂಬ ಹೆಸರಾಂತ ಸ್ಟೇಜ್‌ಕೋಚಿನ ಒಡಲು ಕೂತಿದ್ದುದು ಉಕ್ಕಿನ ಮೇಲಲ್ಲ, ಪದರ ಪದರವಾಗಿ ಹೊಲಿದ ಎರಡು ದಪ್ಪ ಚರ್ಮದ ಪಟ್ಟಿಗಳ ಮೇಲೆ. ಪಟ್ಟಿಗಳು ಮುಂದಿನಿಂದ ಹಿಂದಕ್ಕೆ ಬಿಗಿದಿರುತ್ತಿದ್ದವು. ಚಕ್ರ ಗುಂಡಿಗೆ ಬಿದ್ದಾಗ ಒಡಲು ತೊಟ್ಟಿಲಿನಂತೆ ಹಿಂದೆಮುಂದೆ ತೂಗುತ್ತಿತ್ತು. ಆ ಹೊಡೆತ ನೇರವಾಗಿ ಕುದುರೆಗಳ ಕೊರಳಿಗೆ ತಾಗುತ್ತಿರಲಿಲ್ಲ. ಉಕ್ಕು ಮುರಿದರೆ ಕಮ್ಮಾರನನ್ನು ಹುಡುಕಬೇಕು, ಚರ್ಮವನ್ನು ದಾರಿಯಲ್ಲೇ ಕಟ್ಟಿ ಸರಿಮಾಡಬಹುದು. ಕುಲುಕಾಟ ಮಾತ್ರ ತಪ್ಪುತ್ತಿರಲಿಲ್ಲ. ಹಡಗಿನಲ್ಲಿ ಬರುವಂಥದ್ದೇ ವಾಂತಿ ಇಲ್ಲೂ ಬರುತ್ತಿತ್ತು.

ಒಳಗೆ ಮೂರು ಸಾಲು, ಒಂಬತ್ತು ಜನ. ನಡುಸಾಲಿನ ಬೆನ್ನಿಗೆ ಚರ್ಮದ ಪಟ್ಟಿಯೊಂದೇ ಆಸರೆ. ಎದುರಿನವರ ಮೊಣಕಾಲು ತಮ್ಮ ಮೊಣಕಾಲಿಗೆ ಒತ್ತಿಕೊಂಡೇ ಇರುತ್ತಿತ್ತು. ಸಂದೇಶದ ಜತೆಗಿರುವ ಚಿತ್ರದ ಮೆತ್ತನೆಯ ಸೋಫಾ ಯಾರದೋ ಕಲ್ಪನೆ.